ಹೆಸರಿನ ಮೇಲೊಂದು ಹೆಸರು

ಪೋರ್ಟ್‌ಗ್ಯಾರಿಯಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಬೇಕಾಗುತ್ತಿದ್ದದ್ದು ಎರಡೇ ಕಡೆ. ಮಗುವಿನ ತಲೆಗೆ ಚರ್ಚಿನಲ್ಲಿ ನೀರು ಹಾಕುವಾಗ ಒಮ್ಮೆ, ಆಮೇಲೆ ಗೋರಿಯ ಕಲ್ಲಿನ ಮೇಲೆ. ನಡುವಿನ ಬದುಕಿಗೆಲ್ಲ ಊರು ಇಟ್ಟ ಹೆಸರೇ. ಆ ಮೀನುಗಾರರ ಊರಿಗೆಲ್ಲ ಇದ್ದದ್ದು ಎರಡೇ ಮನೆತನ, ಮೇರ್ ಮತ್ತು ಸ್ಲೇಟರ್. ಬೋಟು ಕಟ್ಟುವ ಧಕ್ಕೆಯ ಮೇಲೆ ನಿಂತು ಜೋಸೆಫ್ ಮೇರ್ ಎಂದು ಕೂಗಿದರೆ ಅರ್ಧ ಬಂದರು ತಿರುಗಿ ನೋಡುತ್ತಿತ್ತು. ಅದಕ್ಕೇ ಒಬ್ಬ ದೊರೆಯಾದ, ಒಬ್ಬ ಬಾತುಕೋಳಿಯಾದ. ನೌಕಾದಳದಲ್ಲಿದ್ದು ಬಂದು, ಅಂಗಡಿಯಲ್ಲಿ ಒಂದೇ ಒಂದು ದಿನ ಲಂಡನ್ನಿನವರ ಹಾಗೆ ನಾಲಿಗೆ ಹೊರಳಿಸಿ ಚಹಾಪುಡಿ ಕೇಳಿದವನು ಸಾಯುವವರೆಗೆ ಪಂಡಿತನಾದ. ಅವನಿಗೆ ಓದು ಬರುತ್ತಿರಲಿಲ್ಲ ಎನ್ನುವುದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಎಲ್ಸ್‌ಪೆಟ್ ಕೈ ಹಿಡಿದ ಜೋಸೆಫ್ ಗಡಿಯಾರದವನು. ಅವನ ಅಜ್ಜ ಊರಿಗೆ ಮೊದಲ ಗೋಡೆ ಗಡಿಯಾರ ತಂದವನು. ಗಡಿಯಾರ ಕೆಟ್ಟು ಎಷ್ಟೋ ಕಾಲವಾಗಿದ್ದರೂ ಹೆಸರು ನಡೆಯುತ್ತಲೇ ಇತ್ತು. ವಸಂತದಲ್ಲಿ ಅವಳು ಮದುವೆಯಾಗಿ ಬಂದಾಗ ಅವಳೂ 'ಗಡಿಯಾರದ ಸೊಸೆ' ಆದಳು. ಆ ಹೆಸರು ಅವಳಿಗೆ ಹಿಡಿಸಿತ್ತು. ಆದರೆ ಚಳಿಗಾಳಿ ಬೀಸುವ ಹೊತ್ತಿಗೆ ಊರಿನಲ್ಲಿ ಅವಳ ಗಂಡನನ್ನು ಹಾಗೆ ಕರೆಯುವವರು ಒಬ್ಬರೂ ಉಳಿದಿರಲಿಲ್ಲ.

ಅಂಥ ಒಂದು ಬೆಳಿಗ್ಗೆ ಅವಳು ನೀರಿಗೆ ಹೋದಾಗ ಕೊಳಾಯಿಯ ಸುತ್ತ ಹೆಂಗಸರಿದ್ದರು. ಅವಳನ್ನು ಕಂಡು ಒಬ್ಬಳು ತನ್ನ ಬಕೆಟ್ಟನ್ನು ಪಕ್ಕಕ್ಕೆ ಎಳೆದುಕೊಂಡಳು.

"ದಾರಿ ಬಿಡಿ ಮಾರಾಯ್ತೀರಾ, ಬರಿಗೈ ಹೆಂಡ್ತಿ ಬಂದ್ಳು. ಅವಳು ಮುಟ್ಟಿದ್ರೆ ಕೊಳಾಯಿಯೂ ಬತ್ತೀತು."

"ಬಸುರಿ ಅಲ್ವಾ, ಹಾಗೆಲ್ಲ ಹೇಳ್ಬೇಡ."

"ಹೌದು ಬಸುರಿ. ಬರಿಗೈ ಮರಿ ಬರ್ಲಿಕ್ಕುಂಟು."

ಯಾರೂ ಜೋರಾಗಿ ನಗಲಿಲ್ಲ, ಮೂಗಿನೊಳಗೇ ನಕ್ಕರು. ಎಲ್ಸ್‌ಪೆಟ್‌ಗೆ ಜೋರು ನಗುವೇ ವಾಸಿ ಅನ್ನಿಸಿತು. ಬಕೆಟ್ಟು ತುಂಬುವವರೆಗೆ ಅವಳು ನೀರನ್ನೇ ನೋಡುತ್ತ ನಿಂತಳು. ಹಿಂತಿರುಗುವಾಗ ಗೋಡೆಯ ಮೇಲೆ ಸಾಲಾಗಿ ಕುಳಿತಿದ್ದ ಮಕ್ಕಳು ಕಾಲು ಬಡಿಯುತ್ತ ಹಾಡಿದರು.

"ಬರಿಗೈ ಬರಿಗೈ ಬಲೆಯಲ್ಲೆಂತ?
ಉಪ್ಪು ನೀರು, ಪಾಚಿ ಕಂತೆ!"

ಹಾಡು ಮುಗಿದ ಮೇಲೆ ಒಂದು ಮಗು ಮೂಗಿನಲ್ಲಿ ಗುರ್ ಗುರ್ ಎಂದಿತು. ಉಳಿದವು ಗಾಬರಿಯಾಗಿ, ಅಪಶಕುನ ಕಳೆಯಲು ಗೋಡೆಯ ಕಬ್ಬಿಣದ ಕೊಂಡಿ ಮುಟ್ಟಿ, ಆಮೇಲೆ ಕೇಕೆ ಹಾಕಿ ನಕ್ಕವು. ಕೆಸರಿನಲ್ಲಿ ಹೊರಳುವ ಆ ಪ್ರಾಣಿಯ ಹೆಸರನ್ನು ಈ ಊರಿನಲ್ಲಿ ಹೇಳಬಾರದು. ಗುರುಗುಟ್ಟಿದರೆ ತಪ್ಪು ಅರ್ಧದಷ್ಟೇ.

ಅವಳ ಹಳ್ಳಿ ಸಮುದ್ರದಿಂದ ಒಂದು ಬೆಳಗಿನ ನಡಿಗೆಯಷ್ಟು ಒಳಗಿತ್ತು. ಅದೇ ರಾಜ, ಅದೇ ಬೈಬಲ್ಲು, ಪುಸ್ತಕದಲ್ಲಿ ಅದೇ ಇಂಗ್ಲಿಷು. ಆದರೆ ಬಾಯಿ ಬೇರೆ. ಹೊಲದವರ ಮಾತು ಕೇಳಿದರೆ ಕಡಲಿನವರಿಗೆ ನಗು, ಕಡಲಿನವರ ಮಾತು ಕೇಳಿದರೆ ಹೊಲದವರಿಗೆ ನಗು, ಇಬ್ಬರ ಮಾತು ಕೇಳಿದರೂ ಶಾಲೆಯ ಮೇಷ್ಟ್ರಿಗೆ ಸಿಟ್ಟು. ಅವರ ತೊಗಲಿನ ಪಟ್ಟಿಗೆ ಹೆದರಿ ಎಲ್ಸ್‌ಪೆಟ್ ತರಗತಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು. ಟರ್ನಿಪ್ ಹೊಲದಲ್ಲಿ ಆಳು ಸಾಲದು ಎಂದು ಅಪ್ಪ ಶಾಲೆ ಬಿಡಿಸಿದಾಗ ಅವಳಿಗೆ ಬೇಸರಕ್ಕಿಂತ ಸಮಾಧಾನವೇ ಹೆಚ್ಚಾಗಿತ್ತು. ಬಾಯಿ ಮುಚ್ಚಿಕೊಂಡು ಕಣ್ಣು ತೆರೆದಿಡುವುದು ಆಗಿನಿಂದ ಬಂದ ಅಭ್ಯಾಸ.

ಮದುವೆಯಾದ ವಾರದಲ್ಲೇ ಆ ಬಾಯಿ ಒಂದು ಸಲ ತೆರೆಯಿತು. ಜೋಸೆಫ್ ಊಟದ ಚೀಲ ಮರೆತು ಬೋಟು ಹತ್ತಿದ್ದ. ಅವಳು ಧಕ್ಕೆಯ ತುದಿಯವರೆಗೆ ಓಡಿ, ಹಗ್ಗ ಬಿಚ್ಚುತ್ತಿದ್ದವರೆಲ್ಲ ಕೇಳುವ ಹಾಗೆ ಕೂಗಿದಳು. "ಜೋ! ಚೀಲ ಬಿಟ್ಟೋಗಿದೀಯ! ಅಮ್ಮ ಕೊಟ್ಟ ಹಂದಿಮಾಂಸ ಇದರಲ್ಲೇ ಐತೆ!"

ಕಡಲಿಗೆ ಹೊರಟ ಗಂಡಸನ್ನು ಹಿಂದಿನಿಂದ ಕರೆಯಬಾರದು. ಆ ಪ್ರಾಣಿಗೆ ಬಾಲಸುರುಳಿ ಎನ್ನಬೇಕು. ಸಾಲ್ಮನ್ನಿಗೆ ಕೆಂಪುಮೀನು, ಪಾದ್ರಿಗೆ ಕರಿಕೋಟು. ಇದನ್ನೆಲ್ಲ ಸೊಸೆಗೆ ಹೇಳಿಕೊಡಬೇಕೆಂದು ಅತ್ತೆ ಹನ್ನಾಗೆ ಹೊಳೆದೇ ಇರಲಿಲ್ಲ. ಉಸಿರಾಡುವುದನ್ನು ಯಾರಾದರೂ ಹೇಳಿಕೊಡುತ್ತಾರೆಯೇ? ಬೋಟಿನಲ್ಲಿದ್ದವರೆಲ್ಲ ಒಟ್ಟಿಗೆ ಬಗ್ಗಿ ಕೈಗೆ ಸಿಕ್ಕ ಕಬ್ಬಿಣ ಹಿಡಿದರು. ಆ ರಾತ್ರಿ ಅವರ ಬಲೆ ಕಡಲ ತಳದ ಬಂಡೆಗೆ ಸಿಕ್ಕಿ ಚಿಂದಿಯಾಯಿತು. ಜೋಸೆಫನನ್ನು ಮುಂದೆ ಕರೆದುಕೊಂಡ ಬೋಟಿಗೂ ಮೀನು ಬೀಳಲಿಲ್ಲ, ಅದರ ಮುಂದಿನದಕ್ಕೂ ಬೀಳಲಿಲ್ಲ. ಆ ಬೇಸಿಗೆ ಯಾರಿಗೂ ಮೀನು ಬಿದ್ದಿರಲಿಲ್ಲ. ಆದರೆ ಉಳಿದವರಿಗೆ ಬೆರಳು ತೋರಿಸಲು ಒಬ್ಬ ಸಿಕ್ಕಿದ್ದ. ಒಂದು ಸಂಜೆ ಅವನು ಖಾಲಿ ಬುಟ್ಟಿ ಹಿಡಿದು ಧಕ್ಕೆ ಹತ್ತುವಾಗ ದೊರೆಯ ಹೆಂಡತಿ, ಊರೆಲ್ಲ ದೊರೆಸಾನಿ ಎನ್ನುವ ಆ ಅಗಲ ಮುಖದ ಹೆಂಗಸು, "ಬಂದ ನೋಡಿ ಬರಿಗೈ" ಎಂದಳು. ಅಷ್ಟೇ. ಗಡಿಯಾರ ಅಲ್ಲಿಗೆ ನಿಂತಿತು.

ಈಗ ಶರತ್ಕಾಲದ ದೊಡ್ಡ ಪ್ರಯಾಣ. ಸೋಮವಾರ ಎಲ್ಲ ಬೋಟುಗಳೂ ಹೆರಿಂಗ್ ಮೀನಿನ ಹಿಂದೆ ದಕ್ಷಿಣಕ್ಕೆ, ಯಾರ್ಮೌತಿಗೆ ಹೊರಡುತ್ತವೆ. ಅದರ ದುಡಿಮೆಯಲ್ಲೇ ಚಳಿಗಾಲ ಕಳೆಯಬೇಕು. ಜೋಸೆಫನನ್ನು ಯಾವ ಬೋಟೂ ಕರೆದಿರಲಿಲ್ಲ.

ಆ ಬೆಳಿಗ್ಗೆ ಎಲ್ಸ್‌ಪೆಟ್ ನೀರಿನ ಬಕೆಟ್ಟು ತಂದು ಇಳಿಸುವಾಗ ಅವನು ಒಲೆಯ ಮುಂದೆ ಕುಳಿತಿದ್ದ. ಹನ್ನಾ ಕಿಟಕಿಯ ಬೆಳಕಿನಲ್ಲಿ ಬೇರೆಯವರ ಬಲೆ ಹೆಣೆಯುತ್ತಿದ್ದಳು.

"ದೊರೆಯ ಬೋಟಲ್ಲಿ ಒಂದು ಆಳು ಕಡಿಮೆ ಉಂಟಂತೆ" ಎಂದಳು ಹನ್ನಾ, ತಲೆ ಎತ್ತದೆ. "ಬಾತುಕೋಳಿಯ ಕೈ ಕೀವಾಗಿದೆ. ಅವನು ಈ ಸಲ ಹೋಗುವುದಿಲ್ಲ."

"ಕೇಳಿ ಬಂದೆ."

"ಎಂತ ಹೇಳಿದ?"

"ಬೋಟು ತುಂಬಿದೆ ಹೇಳಿದ."

"ತುಂಬಿದೆಯಾ! ಎಂತದ್ದು ತುಂಬಿದ್ದು, ಅವನ ಹೆಂಡ್ತಿ ಹತ್ತಿ ಕೂತಿದ್ದಾಳಾ?"

ಜೋಸೆಫ್ ನಗಲಿಲ್ಲ. ಹಿಂದೆ ಅವನು ತಾಯಿಯ ಒಂದು ಮಾತಿಗೆ ಮೂರು ಮಾತು ಸೇರಿಸಿ ನಗುತ್ತಿದ್ದವನು. ಈಗ ಅವನ ಕೈಗಳು ಮೊಣಕಾಲಿನ ಮೇಲೆ, ಯಾರೋ ಇಟ್ಟು ಮರೆತು ಹೋದ ಹಾಗೆ ಬಿದ್ದಿದ್ದವು.

"ಬೋಟು ಹೋದ ಮೇಲೆ ನಾನಿಲ್ಲಿ ಇರುವುದಿಲ್ಲ ಅಮ್ಮ" ಎಂದ. "ಗ್ಲಾಸ್ಗೋಗೆ ಹೋಗ್ತೇನೆ. ಅಲ್ಲಿಂದ ಕೆನಡಾಕ್ಕೋ ಎಲ್ಲಿಗೋ ಹಡಗು ಸಿಗ್ತದೆ. ನನ್ನ ಹೆಸರು ಗೊತ್ತಿಲ್ಲದ ಜಾಗ ಸಾಕು."

"ಇವಳು?"

ಅವನು ಎಲ್ಸ್‌ಪೆಟ್ ಕಡೆ ನೋಡಲಿಲ್ಲ. "ದುಡಿದು ಕರೆಸಿಕೊಳ್ತೇನೆ."

ಹನ್ನಾಳ ಕೈ ನಿಂತಿತು. ಹೀಗೆಯೇ ಹೇಳಿ ಹೋಗಿದ್ದ ಅವಳ ತಮ್ಮನಿಗೆ ಗೋರಿಯ ಕಲ್ಲಿನ ಮೇಲೂ ಹೆಸರಿಲ್ಲ. ಎಲ್ಲಿ ಸತ್ತ, ಸತ್ತನೋ ಇಲ್ಲವೋ, ಯಾರಿಗೂ ತಿಳಿಯದು. ಅವನ ಹೆಂಡತಿ ಪಕ್ಕದ ಬೀದಿಯಲ್ಲೇ ವಿಧವೆಯೂ ಅಲ್ಲದೆ ಮುತ್ತೈದೆಯೂ ಅಲ್ಲದೆ ಮುದುಕಿಯಾದಳು.

ಜೋಸೆಫ್ ಎದ್ದು ಹೊರಗೆ ಹೋದ ಮೇಲೆ ಎಲ್ಸ್‌ಪೆಟ್ ಅತ್ತೆಯ ಪಕ್ಕ ಬಂದು ನಿಂತಳು.

"ಅತ್ತೆ, ಅಂಟಿದ ಹೆಸರು ತೆಗೆಯೋಕೆ ಏನಾದ್ರೂ ದಾರಿ ಐತಾ?"

"ಹೆಸರು ಎಂತ ಲಂಗವಾ, ಬಿಚ್ಚಿ ಒಗೀಲಿಕ್ಕೆ?"

"ಯಾರದ್ದೂ ಹೋಗೇ ಇಲ್ವಾ ಹಂಗಾದ್ರೆ?"

ಹನ್ನಾ ಸೂಜಿಯನ್ನು ಮಡಿಲಲ್ಲಿಟ್ಟಳು. "ಬಾತುಕೋಳಿಯದ್ದು ಹೋಯ್ತು. ಅವನಿಗೆ ಮೊದಲು ಕಳ್ಳ ಹೇಳಿ ಹೆಸರಿತ್ತು. ಯಾರದ್ದೋ ಹಗ್ಗ ಕದ್ದ ಹೇಳಿ. ಕದ್ದಿದ್ನೋ ಬಿಟ್ನೋ. ಆಮೇಲೆ ಒಂದು ಆದಿತ್ಯವಾರ ಚರ್ಚಿನ ಕೋಟು ಹಾಕ್ಕೊಂಡು ಬಾತುಕೋಳಿ ಹಿಡೀಲಿಕ್ಕೆ ಹೋಗಿ ಬಂದರಿನ ನೀರಿಗೆ ಬಿದ್ದ. ಕರಿಕೋಟಿನವರೇ ಕೊಕ್ಕೆ ಹಾಕಿ ಎತ್ತಿದ್ದು. ಅವತ್ತಿಂದ ಕಳ್ಳ ಹೋದ, ಬಾತುಕೋಳಿ ಬಂತು." ಸೂಜಿಯನ್ನು ಮತ್ತೆ ಆಡಿಸಿದಳು. "ಹೆಸರು ತಾನಾಗಿ ಹೋಗುವುದಿಲ್ಲ ಹೆಣ್ಣೇ. ಅದರ ಮೇಲೆ ಇನ್ನೊಂದು ಹೆಸರು ಕೂರಬೇಕು. ಊರು ಹೊಟ್ಟೆ ತುಂಬ ನಗಬೇಕು, ಆಗ ಕೂರ್ತದೆ."

"ಅವ್ರು ನಗೋ ಅಂಥದ್ದು ಏನು ಮಾಡೋದು?"

"ನನ್ನ ಅಪ್ಪನ ಕಾಲದಲ್ಲಿ ಮೀನು ಬೀಳದೆ ಹೋದ್ರೆ ಮುಳ್ಳು ಮನುಷ್ಯನನ್ನು ಮಾಡ್ತಿದ್ರು. ಪೀಪಾಯಿ ಕಟ್ಟುವವನನ್ನು ಹಿಡಿದು, ಉಣ್ಣೆ ಅಂಗಿ ಹಾಕಿ, ಅದರ ಮೇಲೆ ಪೂರಾ ಅಂಟುಗಾಯಿ ಅಂಟಿಸಿ ಊರೆಲ್ಲ ಸುತ್ತಿಸ್ತಿದ್ರು. ಬಟ್ಟೆಗೆ ಕಾಯಿ ಅಂಟಿದ ಹಾಗೆ ಬಲೆಗೆ ಮೀನು ಅಂಟ್ಬೇಕು ಹೇಳಿ. ಎಂತ ಬೊಬ್ಬೆ, ಎಂತ ನಗೆ! ಕರಿಕೋಟು ಬೈದು ಬೈದು ನಿಲ್ಲಿಸಿದ್ರು." ಅವಳು ಬಾಗಿಲ ಕಡೆ ನೋಡಿ ತಲೆಯಲ್ಲಾಡಿಸಿದಳು. "ಬೇಡ, ಅವನ ಹತ್ರ ಹೇಳ್ಲಿಕ್ಕೂ ಹೋಗ್ಬೇಡ. ಸತ್ರೂ ಒಪ್ಪುವವನಲ್ಲ."

ಎಲ್ಸ್‌ಪೆಟ್ ಹೇಳಿದಳು. ಆ ರಾತ್ರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಗಂಡನ ಬೆನ್ನಿಗೆ ಪಿಸುಗುಟ್ಟಿ ಹೇಳಿದಳು. ಅವನು ತಿರುಗದೆಯೇ, "ಇನ್ನು ಅದೊಂದು ಬಾಕಿ ಇತ್ತು" ಎಂದ. ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ. ಬೈದಿದ್ದರೆ ಅವಳು ಅಷ್ಟು ಹೆದರುತ್ತಿರಲಿಲ್ಲ.

ಮರುದಿನ ಅವಳು ಮೊದಲು ನೆಟ್ಟಗಿನ ದಾರಿಯನ್ನೇ ಹಿಡಿದಳು. ತಲೆಗೆ ಶಾಲು ಸುತ್ತಿಕೊಂಡು ದೊರೆಯ ಮನೆಗೆ ಹೋದಳು. ಹೊಸಿಲಿನ ಹೊರಗೆ ನಿಂತು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಡಲಿನವರ ಮಾತಿನಲ್ಲೇ ಜೋಡಿಸಿಕೊಂಡು ಬಂದಿದ್ದಳು. ಬಾಗಿಲು ತೆರೆದ ದೊರೆಸಾನಿಯ ಮುಖ ಕಂಡದ್ದೇ ಅದೆಲ್ಲ ಚದುರಿಹೋಗಿ, ಹೊಲದ ಮಾತು ಒಂದೇ ಉಸಿರಿಗೆ ಹೊರಗೆ ಬಂತು.

"ತಪ್ಪು ನಂದು ಅಮ್ಮೋರೆ. ಕೂಗಿದ್ದು ನಾನು, ಅವನಲ್ಲ. ನಂಗೆ ಗೊತ್ತಿರ್ಲಿಲ್ಲ. ನನ್ನನ್ನ ಏನಾದ್ರೂ ಅನ್ನಿ, ಅವನನ್ನ ಕರ್ಕೊಂಡು ಹೋಗೋಕೆ ಹೇಳಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಅಯ್ಯೋ, ಎಂತ ಹೇಳ್ತಾಳೆ ಇವಳು? ಗಂಟಲಲ್ಲಿ ಮಣ್ಣುಂಟಾ?" ಎಂದಳು ದೊರೆಸಾನಿ. ಆದರೂ ಒಳಗೆ ತಿರುಗಿ ಗಂಡನನ್ನು ಕರೆದಳು.

ದೊರೆ ಬೋಟು ನಡೆಸುವ ತಂಡೇಲ. ಕುಳ್ಳ, ಮೆತ್ತನೆಯ ಮನುಷ್ಯ. ಅವನಿಗೆ ದೊರೆಯೆಂಬ ಹೆಸರು ಹೇಗೆ ಬಂತೆಂದು ಅವನನ್ನು ನೋಡಿದವರಿಗೆ ಆಶ್ಚರ್ಯವಾಗಬೇಕು. ಅವನು ಚಹಾ ಬಟ್ಟಲು ಹಿಡಿದುಕೊಂಡೇ ಬಂದು ಬಾಗಿಲಿಗೆ ಒರಗಿ ನಿಂತ.

"ನೋಡು ಮಗಳೇ, ನನಗೆ ಜೋಸೆಫನ ಮೇಲೆ ಸಿಟ್ಟಿಲ್ಲ. ಬಲೆ ಎಳೆಯುವುದರಲ್ಲಿ ಅವನಷ್ಟು ಗಟ್ಟಿಗ ನನ್ನ ಬೋಟಲ್ಲಿ ಯಾರೂ ಇಲ್ಲ. ಆದ್ರೆ ಬರಿಗೈಯನ್ನು ಹತ್ತಿಸಿಕೊಂಡ್ರೆ ಬೋಟಲ್ಲಿ ದುಡಿಯುವ ಕಲಾಸಿಗಳು ಇಳಿದು ಹೋಗ್ತಾರೆ. ಪಂಡಿತನೇ ಮೊದಲು ಇಳೀತಾನೆ. ಖಾಲಿ ಬೋಟು ತಕ್ಕೊಂಡು ನಾನೆಂತ ಮಾಡ್ಲಿ?"

"ಅದು ಬರೀ ಹೆಸರು..."

"ಹೌದು, ಹೆಸರೇ. ಹೆಸರಿಗೆ ಹೆದರುವವರು ನಾವು" ಎಂದ ದೊರೆ. ಅದನ್ನು ಅವನು ಕೆಟ್ಟದಾಗಿ ಹೇಳಲಿಲ್ಲ. ತನ್ನ ಊರಿನ ಹವೆ ಹೀಗೆ ಎಂದು ಹೇಳುವ ಹಾಗೆ ಹೇಳಿದ. ಬಾಗಿಲು ಮೆಲ್ಲಗೆ ಮುಚ್ಚಿತು.

ಶನಿವಾರ ಬೆಳಿಗ್ಗೆ ಜೋಸೆಫ್ ತನ್ನ ಕಡಲ ಪೆಟ್ಟಿಗೆಯಿಂದ ನೀರು ತಡೆಯುವ ಎಣ್ಣೆಬಟ್ಟೆ, ದೊಡ್ಡ ಬೂಟುಗಳನ್ನು ತೆಗೆದು ಪಕ್ಕಕ್ಕಿಟ್ಟು, ಎರಡು ಅಂಗಿಗಳನ್ನು ಒಂದು ಸಣ್ಣ ಗಂಟಾಗಿ ಕಟ್ಟಿದ. ಕೆನಡಾದ ದಾರಿಗೆ ಎಣ್ಣೆಬಟ್ಟೆ ಬೇಕಾಗಿಲ್ಲ. ಎಲ್ಸ್‌ಪೆಟ್ ಅದನ್ನು ನೋಡಿದಳು. ಅವನು ಅತ್ತ ತಿರುಗಿದಾಗ ಗಂಟಿನೊಳಗಿಂದ ಉಣ್ಣೆಯ ಅಂಗಿಯೊಂದನ್ನು ಎಳೆದುಕೊಂಡು, ಮಡಿಲಲ್ಲಿ ಮುಚ್ಚಿಕೊಂಡು ಹೊರಟಳು.

ಅಂಟುಗಾಯಿ ಎಲ್ಲಿ ಬೆಳೆಯುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪನ ಹೊಲದ ಕಡೆ ಹೋಗುವ ದಾರಿಯ ಬದಿಯಲ್ಲಿ, ಹಸುಗಳು ನಿಲ್ಲುವ ಗೇಟಿನ ಪಕ್ಕದಲ್ಲಿ, ಎದೆಯೆತ್ತರದ ಗಿಡಗಳು ಒಣಗಿ ನಿಂತಿದ್ದವು. ಚಿಕ್ಕಂದಿನಲ್ಲಿ ಅಣ್ಣಂದಿರು ಅದನ್ನು ಅವಳ ಜಡೆಗೆ ಎಸೆದು ಅಳಿಸುತ್ತಿದ್ದರು. ಒಂದೊಂದು ಕಾಯಿಯ ಮೈತುಂಬ ಬೆಕ್ಕಿನ ಉಗುರಿನಂಥ ಸಣ್ಣ ಕೊಕ್ಕೆ. ಗೇಟಿನ ಮರೆಯಲ್ಲಿ ಅಂಗಿಯನ್ನು ತನ್ನ ಬಟ್ಟೆಯ ಮೇಲೆಯೇ ತೊಟ್ಟಳು. ಹೊಟ್ಟೆಯ ಹತ್ತಿರ ಗುಂಡಿ ಕೂಡಲಿಲ್ಲ. ಕಾಯಿ ಕಿತ್ತು ಕಿತ್ತು ಅಂಟಿಸತೊಡಗಿದಳು. ತೋಳು, ಎದೆ, ಹೊಟ್ಟೆಯ ಮೇಲಿನ ಉಬ್ಬು, ಆಮೇಲೆ ಶಾಲು, ಶಾಲಿನ ಹೊರಗೆ ಬಂದ ಕೂದಲು. ಬೆರಳ ತುದಿಗಳಲ್ಲಿ ನೆತ್ತರು ಕಾಣಿಸಿತು. ಕೊಕ್ಕೆಗಳ ಧೂಳು ಕುತ್ತಿಗೆಯೊಳಗೆ ಇಳಿದು ಮೈಯೆಲ್ಲ ಉರಿಯತೊಡಗಿತು. ಕೈ ಕೆಳಗಿಳಿಸಿದರೆ ತೋಳು ಪಕ್ಕೆಗೆ ಅಂಟಿಕೊಳ್ಳುತ್ತಿತ್ತು. ಹಾಗಾಗಿ ಎರಡೂ ಕೈಯನ್ನು ಹಕ್ಕಿಬೆದರಿನ ಗೊಂಬೆಯ ಹಾಗೆ ಚಾಚಿಕೊಂಡೇ ಅವಳು ಕಡಲಿನ ಕಡೆ ಇಳಿದಳು.

ದಾರಿಯಲ್ಲಿ ಎರಡು ಸಲ ನಿಂತಳು. ಮೊದಲನೆಯದು ಉಸಿರಿಗಾಗಿ. ಎರಡನೆಯ ಸಲ, ಊರಿನ ಮೊದಲ ಚಿಮಣಿ ಕಂಡಾಗ, ಹೆದರಿಕೆಯಿಂದ. ಚರ್ಚಿನಲ್ಲಿ ತಡವಾಗಿ ಒಳಗೆ ಹೋಗಬೇಕಾದರೆ ಮನೆಗೆ ವಾಪಸು ಹೋಗುವವಳು ಅವಳು. ಅಂಗಡಿಯಲ್ಲಿ ಯಾರಾದರೂ ಇದ್ದರೆ ಹೊರಗೆ ಕಾಯುವವಳು. ಹಿಂದೆ ತಿರುಗಿದರೆ ಗೇಟಿದೆ, ಗೇಟಿನಾಚೆ ಅಪ್ಪನ ಹೊಲವಿದೆ, ಯಾರೂ ಏನೂ ಕೇಳುವುದಿಲ್ಲ. ಗಂಡ ಕಟ್ಟಿದ ಆ ಗಂಟು ನೆನಪಾಯಿತು. ಅವಳ ಕಾಲುಗಳು ತಾವಾಗಿಯೇ ಇಳಿಜಾರಿಗೆ ಬಿದ್ದವು.

ಧಕ್ಕೆಯ ಮೇಲೆ ಊರಿಗೆ ಊರೇ ಇತ್ತು. ಯಾರ್ಮೌತಿಗೆ ಹೋಗುವ ಬಲೆಗಳನ್ನು ಬೋಟಿಗೆ ತುಂಬುತ್ತಿದ್ದರು. ಹೆಂಗಸರು ಹಾಸಿಗೆ, ಓಟ್ಸ್ ರೊಟ್ಟಿಯ ಡಬ್ಬಿ, ಪೆಟ್ಟಿಗೆಗಳನ್ನು ಹೊತ್ತು ತರುತ್ತಿದ್ದರು. ಅವಳನ್ನು ಮೊದಲು ಕಂಡ ನಾಯಿ ಬೊಗಳಲು ಹೋಗಿ, ಬೊಗಳದೆ ಹಿಂದೆ ಸರಿಯಿತು. ಆಮೇಲೆ ಒಬ್ಬೊಬ್ಬರಾಗಿ ತಿರುಗಿದರು. ಬಲೆ ಇಳಿಸುವ ಉರುಳೆಯ ಸದ್ದು ನಿಂತಿತು. ಇಷ್ಟು ಕಣ್ಣುಗಳು ತನ್ನ ಮೇಲಿರುವಾಗ ಏನು ಮಾಡಬೇಕೆಂದು ಅವಳು ಯೋಚಿಸಿಯೇ ಇರಲಿಲ್ಲ. ಯಾರೂ ನಗಲಿಲ್ಲ.

"ಯಾರದು?"

"ಬರಿಗೈ ಹೆಂಡ್ತಿ ಅಲ್ವಾ?"

"ತಲೆ ಕೆಟ್ಟಿತಾ ಪಾಪ?"

"ಬೋಟು ಹೊರಡುವ ಹೊತ್ತಿಗೆ ಇದೆಂತ ಅಪಶಕುನ ಮಾರಾಯ!"

ಒಬ್ಬ ಮುದುಕ ಮಾತ್ರ ಬಾಯಿಂದ ಪೈಪು ತೆಗೆದು, "ಮುಳ್ಳು ಮನುಷ್ಯ" ಎಂದ. "ಆದ್ರೆ ಇದು ನಡೀತಾ ಉಂಟಲ್ಲ! ನಡೆಯಬಾರದು. ಕಾಲು ನೆಲಕ್ಕೆ ತಾಗಿದ್ರೆ ಇದ್ದ ಅದೃಷ್ಟವೂ ಮಣ್ಣಿಗೆ ಇಳೀತದೆ."

ಎಲ್ಸ್‌ಪೆಟ್ ತನ್ನ ಕಾಲುಗಳನ್ನು ನೋಡಿಕೊಂಡಳು. ಸುತ್ತಿಸುವುದೆಂದರೆ ನಡೆಸುವುದಲ್ಲ, ಹೊತ್ತು ತಿರುಗುವುದು. ಇದನ್ನೂ ಯಾರೂ ಅವಳಿಗೆ ಹೇಳಿರಲಿಲ್ಲ. ಮತ್ತೆ ತಪ್ಪು. ಮತ್ತೆ ಅದೇ ಧಕ್ಕೆ, ಅವೇ ಮುಖಗಳು. ಮುಖ ಮುಚ್ಚಿಕೊಳ್ಳಲು ಕೈ ಮಡಚಿದರೆ ತೋಳು ತೋಳಿಗೆ ಅಂಟಿಕೊಂಡಿತು. ಬಿಡಿಸಲು ಹೋಗಿ ಶಾಲು ಕಿತ್ತು ಬಂತು. ಎಲ್ಲರ ನಡುವೆ ಅವಳು ತನ್ನನ್ನು ತಾನೇ ಹಿಡಿದುಕೊಂಡು ಗಿರಕಿ ಹೊಡೆದಳು.

"ಅಯ್ಯೋ ಬುದ್ಧಿಗೇಡಿ! ಹತ್ತು!"

ಜನರ ನಡುವಿನಿಂದ ಹನ್ನಾ ನುಗ್ಗಿ ಬಂದಳು. ಕೈಯಲ್ಲಿ ಯಾರದ್ದೋ ಮೀನಿನ ತಳ್ಳುಗಾಡಿ. ಅದರಲ್ಲಿದ್ದ ಬುಟ್ಟಿಯನ್ನು ಅಲ್ಲೇ ಬೋರಲು ಹಾಕಿದಳು.

"ನಡೀಲಿಕ್ಕಿಲ್ಲ ಹೇಳಿ ಗೊತ್ತಾಗುವುದಿಲ್ವಾ ನಿನಗೆ? ಹತ್ತು ಅಂದೆ. ಮೆಲ್ಲ, ಹೊಟ್ಟೆ ಜಾಗ್ರತೆ."

"ಆಯ್ತಾ ಇಲ್ಲ ಅತ್ತೆ, ಕೈ ಅಂಟೋಗೈತೆ."

"ಅಂಟಲಿ! ಅಂಟ್ಲಿಕ್ಕೇ ಅಲ್ವಾ ಇದೆಲ್ಲ?"

ಹನ್ನಾ ಸೊಸೆಯ ಸೊಂಟ ಹಿಡಿದು ಎತ್ತಿದಳು. ಬಿಡಲು ಹೋದರೆ ಅವಳ ಏಪ್ರನ್ನೂ ಅಂಗಿಗೆ ಅಂಟಿಕೊಂಡು ಬಂತು. ಅತ್ತೆ ಹಿಂದಕ್ಕೆ ಎಳೆದರೆ ಸೊಸೆ, ಸೊಸೆ ಹಿಂದಕ್ಕೆ ಎಳೆದರೆ ಅತ್ತೆ. ಗಾಡಿ ಒಂದು ಸುತ್ತು ತಾನಾಗಿ ತಿರುಗಿತು. ಗುಂಪಿನಲ್ಲಿ ಯಾರೋ ನಗು ತಡೆದು ಮೂಗಿನಿಂದ ಸದ್ದು ಮಾಡಿದರು. ಹನ್ನಾ ಏಪ್ರನ್ನಿನ ದಾರವನ್ನೇ ಬಿಚ್ಚಿ, ಗಾಡಿಯ ಹಿಡಿ ಹಿಡಿದು, "ದೂರ ನಿಲ್ಲಿ! ಇಲ್ಲದಿದ್ರೆ ನಿಮಗೂ ಅಂಟೀತು!" ಎಂದು ಗರ್ಜಿಸಿ ದೂಡಿದಳು. ಕಲ್ಲುಹಾಸಿನ ಮೇಲೆ ಗಾಡಿ ಕುಣಿಯಿತು. ಎಲ್ಸ್‌ಪೆಟ್ ಕುಣಿದಳು. ಮೈಯಿಂದ ಕಾಯಿಗಳು ಉದುರಿ ಹೆಂಗಸರ ಲಂಗಗಳಿಗೆ, ನಾಯಿಯ ಬಾಲಕ್ಕೆ, ಹರಡಿದ್ದ ಬಲೆಗಳಿಗೆ ಅಂಟಿಕೊಂಡವು. ಹಾಸಿಗೆ ಹೊತ್ತಿದ್ದ ದೊರೆಸಾನಿ ದಾರಿ ಬಿಡುವಷ್ಟರಲ್ಲಿ ತಡವಾಗಿತ್ತು. ಹಾಸಿಗೆಗೆ ಹಾಸಿಗೆಯೇ ಗಾಡಿಯ ಜೊತೆ ಹೊರಟಿತು, ಅದರ ಹಿಂದೆ ದೊರೆಸಾನಿಯೂ.

"ಬಿಡೇ! ನನ್ನ ಹಾಸಿಗೆ ಬಿಡೇ!"

"ನಾನು ಹಿಡಿದಿಲ್ಲ ಅಮ್ಮೋರೆ, ಅದೇ ಹಿಡ್ಕೊಂಡೈತೆ!"

ಮೊದಲು ನಕ್ಕವನು ದೊರೆಯೇ. ಹೆಂಡತಿ ಹಾಸಿಗೆಯ ಹಿಂದೆ ಓಡುವುದನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಆಮೇಲೆ ಇಡೀ ಧಕ್ಕೆ ನಕ್ಕಿತು. ಕೊಳಾಯಿಯ ಹತ್ತಿರದ ಆ ಮೂಗಿನೊಳಗಿನ ನಗುವಲ್ಲ. ಬೋಟಿನ ಅಂಚು ಹಿಡಿದು, ಹೊಟ್ಟೆ ಹಿಡಿದು, ಒಬ್ಬರ ಹೆಗಲಿಗೆ ಒಬ್ಬರು ಬಿದ್ದು ನಕ್ಕರು. ಪೈಪಿನ ಮುದುಕ ಕಣ್ಣೊರೆಸಿಕೊಳ್ಳುತ್ತ, ಹಿಂದಿನ ರೂಢಿಯ ಹಾಗೆ ಒಂದು ಬಿಸ್ಕತ್ತನ್ನು ಅವಳ ಮಡಿಲಿಗೆ ಹಾಕಿದ. ಅದೂ ಅಂಟಿಕೊಂಡು ನಿಂತಿತು. ಮತ್ತೆ ನಗೆ.

ಗಾಡಿಯಲ್ಲಿ ಕುಳಿತ ಎಲ್ಸ್‌ಪೆಟ್‌ಗೆ ಇದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ. ಕುತ್ತಿಗೆ ಉರಿಯುತ್ತಿತ್ತು. ಹೊಟ್ಟೆಯೊಳಗೆ ಮಗು ಒದೆಯುತ್ತಿತ್ತು. ಅವಳ ಕಣ್ಣು ಗುಂಪಿನಲ್ಲಿ ಒಂದೇ ಮುಖವನ್ನು ಹುಡುಕುತ್ತಿತ್ತು. ಸಿಕ್ಕಿತು. ಬಲೆ ಗೋದಾಮಿನ ಗೋಡೆಯ ಪಕ್ಕ ಜೋಸೆಫ್ ನಿಂತಿದ್ದ, ಕಂಕುಳಲ್ಲಿ ಗಂಟು. ಗದ್ದಲ ಕೇಳಿ ರೈಲು ಸ್ಟೇಷನ್ನಿನ ದಾರಿಯಿಂದ ಇಳಿದು ಬಂದಿರಬೇಕು. ಸೋಮವಾರದವರೆಗೂ ಅವನು ಕಾಯುತ್ತಿರಲಿಲ್ಲ. ಅದು ಅವಳಿಗೆ ಆಗ ತಿಳಿಯಿತು. ಅವನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

ದೊರೆಯ ಬೋಟಿನಿಂದ ಪಂಡಿತ ಧಕ್ಕೆಗೆ ಹಾರಿ ಇಳಿದ. ತನ್ನ ತೋಳಿಗೆ ಅಂಟಿದ ಒಂದು ಕಾಯಿಯನ್ನು ಕಿತ್ತು, ಬೆಳಕಿಗೆ ಹಿಡಿದು, ತನ್ನ ಪಂಡಿತ ಧ್ವನಿಯಲ್ಲಿ ಗಂಭೀರವಾಗಿ ಹೇಳಿದ. "ಮಹನೀಯರೇ, ಇಷ್ಟು ಬಿಗಿಯಾಗಿ ಅಂಟಿಕೊಳ್ಳುವ ಪತ್ನಿಯುಳ್ಳ ಪುರುಷನ ಬಲೆಯಿಂದ ಮೀನು ಜಾರುವುದು ಅಸಾಧ್ಯವೆಂದು ನಾನು ಭಾವಿಸುತ್ತೇನೆ." ಆಮೇಲೆ ತನ್ನ ಮಾತಿಗೆ ತಾನೇ ಕೇಕೆ ಹಾಕಿ ನಕ್ಕು, ಊರಿನ ಬಾಯಲ್ಲಿ, "ಅಂಟುಗಾಯಿ ಮಾರಾಯ! ಪೂರಾ ಅಂಟುಗಾಯಿ!" ಎಂದ.

"ಅಂಟುಗಾಯಿ!" ಎಂದಿತು ಬೋಟು. ಪಕ್ಕದ ಬೋಟೂ ಎಂದಿತು. ಮಕ್ಕಳು ಆಗಲೇ ಅದಕ್ಕೊಂದು ಹಾಡು ಕಟ್ಟುತ್ತಿದ್ದವು.

ದೊರೆ ತನ್ನ ಕಲಾಸಿಗಳ ಮುಖವನ್ನು ಒಂದೊಂದಾಗಿ ನೋಡಿದ. ಪಂಡಿತನನ್ನು ಕೊನೆಗೆ ನೋಡಿದ. ತನ್ನದೇನೂ ಅಡ್ಡಿಯಿಲ್ಲ ಎನ್ನುವ ಹಾಗೆ ಪಂಡಿತ ಭುಜ ಕುಣಿಸಿದ. ದೊರೆ ಬಗ್ಗಿ, ಧಕ್ಕೆಗೆ ಬಿಗಿಯಬೇಕಾಗಿದ್ದ ದಪ್ಪ ಹಗ್ಗದ ಸುರುಳಿ ಎತ್ತಿಕೊಂಡು, ಗೋದಾಮಿನ ಕಡೆ ತಿರುಗಿದ.

"ಏ ಅಂಟುಗಾಯಿ! ನಿಂತು ನೋಡುವುದೆಂತ? ಹಿಡಿ!"

ಹಗ್ಗ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತ ಹೋಯಿತು. ಜೋಸೆಫನ ಮುಖದಲ್ಲಿ ಏನೇನೋ ಹಾದುಹೋದದ್ದನ್ನು ಎಲ್ಸ್‌ಪೆಟ್ ನೋಡಿದಳು. ಹೆಂಡತಿಗಿಟ್ಟ ಹೆಸರಿಗೆ ಓಗೊಡುವುದು ಪೋರ್ಟ್‌ಗ್ಯಾರಿಯ ಗಂಡಸಿಗೆ ಸುಲಭವಲ್ಲ. ತಂದೆ ಸತ್ತು ಹೆಂಡತಿಯ ಮನೆ ಸೇರಿದವರಿಗೆ ಮಾತ್ರ ಅಂಥ ಹೆಸರು. ಅವನು ಹಗ್ಗವನ್ನು ನೆಲಕ್ಕೆ ಬೀಳಲು ಬಿಡಬಹುದಿತ್ತು. ಒಂದು ಕ್ಷಣ ಬಿಡುತ್ತಾನೆ ಎಂದೇ ಅವಳಿಗೆ ಅನ್ನಿಸಿತು. ಆದರೆ ಬರುವ ಹಗ್ಗವನ್ನು ಚಿಕ್ಕಂದಿನಿಂದ ಹಿಡಿದ ಕೈಗಳು ಅವು. ಕಂಕುಳಿನ ಗಂಟು ಜಾರಿ ಕಲ್ಲಿನ ಮೇಲೆ ಬಿತ್ತು. ಕೈ ಮೇಲೆ ಹೋಯಿತು. ಹಗ್ಗ ಹಿಡಿದುಕೊಂಡ, ಕಂಬಕ್ಕೆ ಎರಡು ಸುತ್ತು ಹಾಕಿ ಬಿಗಿದ, ಮತ್ತು ಬೋಟಿಗೆ ಇಳಿದ. ತಿರುಗಿ ನೋಡಲಿಲ್ಲ.

"ಸೋಮವಾರ ಬೆಳಕು ಹರಿಯುವ ಮೊದಲು" ಎಂದ ದೊರೆ ಹನ್ನಾಗೆ, ಮೆಲ್ಲಗೆ. "ಅವನ ಎಣ್ಣೆಬಟ್ಟೆ ಕಳಿಸಿಕೊಡಿ."

ಹನ್ನಾ ಗಾಡಿ ತಿರುಗಿಸಿದಳು. ಊರಿನ ಬೀದಿ ಏರು. ಅವಳಿಗೆ ಏದುಸಿರು. ಹಿಂದೆ ಮಕ್ಕಳ ಮೆರವಣಿಗೆ ಸ್ವಲ್ಪ ದೂರ ಬಂದು ಬೇಸರವಾಗಿ ನಿಂತುಹೋಯಿತು.

"ಅತ್ತೆ, ಈ ಕೂಸಿಗೂ ಇದೇ ಹೆಸರಾ?"

"ಮತ್ತೆ? ಅದರ ಮಕ್ಕಳಿಗೂ ಇದೇ."

ಎಲ್ಸ್‌ಪೆಟ್ ಗಾಡಿಯಲ್ಲೇ ಮಗ್ಗುಲು ಬದಲಿಸಿದಳು. ಬೆನ್ನ ಮೇಲೆ ಒಂದು ಕಡೆ ತುರಿಸುತ್ತಿತ್ತು, ಕೈ ಹೋಗುತ್ತಿರಲಿಲ್ಲ.

"ಅವನು ನನ್ನ ಮುಖಾನೂ ನೋಡ್ಲಿಲ್ಲ."

"ನೋಡ್ಲಿಲ್ಲ."

"ಮಾತಾಡ್ತಾನಾ ಇನ್ನು?"

"ಆದಿತ್ಯವಾರ ಒಂದು ದಿನ ಉಂಟಲ್ಲ. ಆಡದಿದ್ರೆ ಯಾರ್ಮೌತಿಂದ ಬಂದ ಮೇಲೆ ಆಡ್ತಾನೆ. ಬಂದ ಮೇಲೂ ಆಡದಿದ್ರೆ ನನ್ನ ಹತ್ರ ಹೇಳು" ಎಂದಳು ಹನ್ನಾ. "ಈಗ ಅಳ್ಬೇಡ. ಮೂಗು ಒರೆಸ್ಲಿಕ್ಕೆ ನಿನ್ನ ಕೈ ಬರುವುದಿಲ್ಲ, ನನ್ನ ಕೈ ಗಾಡಿ ಬಿಡುವ ಹಾಗಿಲ್ಲ."